ಐದನೆಯ ಚೌಕ

ಹದ್ದಣ್ಣನ ಕಣ್ಣಿನ ಸುದ್ದಿ ಗೊತ್ತಿಲ್ಲದವರು ಆ ಪೇಟೆಯಲ್ಲಿ ಯಾರಾದರೂ ಇದ್ದರೆ, ಅವರು ಇನ್ನೂ ಹುಟ್ಟಿರಲಿಕ್ಕಿಲ್ಲ, ಇಲ್ಲವೇ ಸತ್ತು ಬಹಳ ಕಾಲವಾಗಿರಬೇಕು. ಪೇಂಟ್ ಅಂಗಡಿಯಲ್ಲಿ ಬಣ್ಣ ಕಲಸುವುದು ಅವನ ಕಸುಬು. ಮೂವತ್ತೆಂಟು ವರ್ಷ ಕಲಸಿದ್ದನ್ನೆಲ್ಲ ಒಂದೇ ಕಡೆ ಸುರಿದಿದ್ದರೆ ಸಮುದ್ರವಾಗಿ, ಅದರಲ್ಲಿ ಹಡಗು ಓಡಿಸಬಹುದಿತ್ತು. ಗೋಡೆಯಿಂದ ಉಗುರಿನಷ್ಟು ಚಕ್ಕೆ ಕಿತ್ತು ತಂದುಕೊಟ್ಟರೆ ಸಾಕು. ಬಾಗಿಲ ಹೊರಗೆ ಬೆಳಕಿಗೆ ಹಿಡಿದು, ಎಡಗಣ್ಣು ಮುಚ್ಚಿ, ಬಲಗಣ್ಣು ಕಿರಿದು ಮಾಡಿ, "ಬಿಳಿಗೆ ಮೂರು ಹನಿ ಕಾವಿ, ಒಂದು ಹನಿ ಕಪ್ಪು, ಹಳದಿ ಸೂಜಿಮೊನೆಯಷ್ಟು" ಎನ್ನುತ್ತಿದ್ದ. ಕಲಸಿ ಬಳಿದರೆ ಹಳೆಯ ಗೋಡೆ ಯಾವುದು ಹೊಸದು ಯಾವುದೆಂದು ಗೋಡೆಗೇ ಮರೆತುಹೋಗುತ್ತಿತ್ತು. ಒಬ್ಬಾಕೆ ಬಂದು, ಕೆಡವಿ ಎಷ್ಟೋ ವರ್ಷವಾಗಿದ್ದ ತನ್ನ ತಾಯಿಮನೆಯ ಅಡುಗೆಕೋಣೆಯ ಬಣ್ಣವನ್ನು ಬರೀ ಬಾಯಲ್ಲಿ ವರ್ಣಿಸಿದಳಂತೆ; ಹದ್ದಣ್ಣ ಕಲಸಿ ಡಬ್ಬಿಯ ಮುಚ್ಚಳ ತೆಗೆದಾಗ ಅಲ್ಲೇ ಕುಸಿದು ಕೂತು ಅತ್ತಳಂತೆ. ಅಂಗಡಿಗೆ ಬಣ್ಣ ಕಲಸುವ ಮಷಿನ್ ಬಂದ ಮೇಲೆ, ಸಂಜೆ ಹೊತ್ತು ಆ ಮಷಿನ್ನೇ ಇವನ ಹತ್ತಿರ ಪಾಠಕ್ಕೆ ಬರುತ್ತಿತ್ತೆಂದು ಪೇಂಟರುಗಳು ಆಣೆ ಮಾಡಿ ಹೇಳುತ್ತಿದ್ದರು. ಹದ್ದಣ್ಣ ಎಂಬ ಹೆಸರಿಟ್ಟವರೂ ಅವರೇ.

ಇಂಥವನಿಗೆ ಭೂಮಿಯ ಮೇಲೆ ಇದ್ದದ್ದು ಒಂದೇ ಶತ್ರು: ಬಣ್ಣದ ಮಾದರಿಗಳನ್ನು ಅಚ್ಚು ಹಾಕಿದ ಶೇಡ್ ಕಾರ್ಡು.

"ಕಾರ್ಡು ಮಾಡೋನು ಪ್ರೆಸ್ಸಿನವನು ಕಣಯ್ಯಾ. ಅವನಿಗೆ ಇಂಕು ಗೊತ್ತು, ಬಣ್ಣ ಗೊತ್ತಿಲ್ಲ" ಎಂಬುದು ಅವನ ಸಿದ್ಧಾಂತ. ಯಾವ ಕಾರ್ಡು ಕೈಗೆ ಬಂದರೂ ಮೊದಲು ನೋಡುತ್ತಿದ್ದದ್ದು ಬಣ್ಣವನ್ನಲ್ಲ, ಅಂಚಿನ ಖಾಲಿ ಕಾಗದವನ್ನು. ಅಂಚಿನ ಬಿಳಿ ಹಳದಿಗೆ ವಾಲಿದ್ದರೆ ಇಡೀ ಕಾರ್ಡೇ ಹಳದಿಗೆ ವಾಲಿದೆ ಎಂದರ್ಥ. ಅಷ್ಟನ್ನು ಕಳೆದು ಓದಬೇಕು. ಈ ವಿದ್ಯೆಯಿಂದ ಅವನು ಸಾವಿರ ಗೋಡೆಗಳ ಮಾನ ಉಳಿಸಿದ್ದ. ಲಕ್ಷವೆಂದರೂ ತಪ್ಪಿಲ್ಲ.

ಹೀಗಿರುವಾಗ ಹದ್ದಣ್ಣನಿಗೆ ಮೊಮ್ಮಗಳು ಹುಟ್ಟಿದಳು. ಮನೆಯಲ್ಲಿ ಲಿಫ್ಟ್ ರಿಪೇರಿ ಮಾಡುವ ಮಗ, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಸೊಸೆ, ಹೆಂಡತಿ ತೀರಿಕೊಂಡ ಮೇಲೆ ಬಾಯಿಗೆ ಬೀಗ ಹಾಕುವವರೇ ಇಲ್ಲದ ಇವನು, ಮೂರೇ ಜನ. ನಾಲ್ಕನೆಯದಾಗಿ ಮಗು ಬಂದ ದಿನ ಹದ್ದಣ್ಣ ಹಂಚಿದ ಸಿಹಿಯಿಂದ ಪೇಟೆಯ ಇರುವೆಗಳೆಲ್ಲ ದಪ್ಪಗಾದವು.

ಆಸ್ಪತ್ರೆಯಿಂದ ಕಳಿಸಿಕೊಡುವಾಗ ನರ್ಸಮ್ಮ ಸೊಸೆಯ ಕೈಗೆ ಅಂಗೈಯಗಲದ ಒಂದು ಕಾರ್ಡು ಕೊಟ್ಟರು. ಅದರ ಮೇಲೆ ಏಳು ಬಣ್ಣದ ಚೌಕಗಳು. ಮೊದಲನೆಯದು ಸುಣ್ಣದ ಬಿಳಿ, ಕೊನೆಯದು ಹಸಿರು ಬೆರೆತ ಕಂದು.

"ವಾರಕ್ಕೊಂದು ಸಲ ಮಗು ಕಕ್ಕದ ಬಣ್ಣ ಇದಕ್ಕೆ ಹೋಲಿಸಿ ನಂಬರ್ ಬರೀರಿ. ಒಂದರಿಂದ ನಾಲ್ಕರವರೆಗೆ ಯಾವುದು ಬಂದ್ರೂ ಅವತ್ತೇ ಫೋನ್ ಮಾಡ್ಬೇಕು. ಐದು, ಆರು, ಏಳು ಆದ್ರೆ ಚಿಂತೆ ಇಲ್ಲ" ಎಂದರು.

ಹದ್ದಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. "ಕಕ್ಕಕ್ಕೂ ಶೇಡ್ ಕಾರ್ಡಾ! ನಾಳೆ ಸಿಂಬಳಕ್ಕೂ ಒಂದು ಮಾಡ್ತೀರೇನಮ್ಮಾ?"

ನರ್ಸಮ್ಮ ನಗಲಿಲ್ಲ. "ಇದು ತಮಾಷೆ ಅಲ್ಲ, ಅಜ್ಜಾ" ಎಂದಷ್ಟೇ ಹೇಳಿದರು.

ಮೊದಲ ವಾರಗಳಲ್ಲಿ ಆರು, ಆರು ಎಂದು ಬರೆದಳು ಸೊಸೆ. ಹುಟ್ಟಿದ ಮೂರನೇ ದಿನ ಮಗುವಿಗೆ ಬಂದ ಕಾಮಾಲೆ ಪೂರ್ತಿ ಹೋಗಿರಲಿಲ್ಲ. ಎಳೆ ಕೂಸುಗಳಿಗೆ ಅದು ಮಾಮೂಲು, ತಾನಾಗೇ ಹೋಗುತ್ತದೆ ಎಂದು ಬಂದವರೆಲ್ಲ ಹೇಳಿದರು. ಮಗು ಗಟಗಟ ಹಾಲು ಕುಡಿಯುತ್ತಿತ್ತು, ಕೈಕಾಲು ಬಡಿಯುತ್ತಿತ್ತು, ತೂಕವೂ ಏರುತ್ತಿತ್ತು. ಹದ್ದಣ್ಣನಂತೂ ಕಿಟಕಿಯ ಬಿಸಿಲಿಗೆ ಎತ್ತಿ ಹಿಡಿದು, "ನಮ್ಮನೆಗೆ ಬಂಗಾರ ಬಂದಿದೆ ಕಣೇ! ಇಂಥ ಬಣ್ಣ ನಾನು ಜನ್ಮದಲ್ಲಿ ಕಲಸಿಲ್ಲ" ಎಂದು ಕುಣಿಸುತ್ತಿದ್ದ. ಬಂಗಾರಿ ಎಂದೇ ಕರೆದ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಇಲ್ಲಿ ಕಾಮಾಲೆ ಮೊಮ್ಮಗಳಿಗೆ. ಹಳದಿ ಕಂಡು ಮರುಳಾದವನು ತಾತ.

ಮಗುವಿಗೆ ತಿಂಗಳು ತುಂಬಿದ ದಿನ ಸೊಸೆ ಬಚ್ಚಲ ಬಾಗಿಲಲ್ಲಿ ಕಾರ್ಡು ಒಂದು ಕೈಯಲ್ಲಿ, ಡಯಾಪರ್ ಇನ್ನೊಂದು ಕೈಯಲ್ಲಿ ಹಿಡಿದು ನಿಂತಿದ್ದಳು.

"ಮಾವ, ಇಲ್ಲಿ ಸ್ವಲ್ಪ ನೋಡಿ. ನಂಗೆ ಇದು ನಾಲ್ಕು ಅನ್ಸ್ತಿದೆ."

"ಕೊಡಿಲ್ಲಿ" ಎಂದು ಹದ್ದಣ್ಣ ಎರಡನ್ನೂ ಕಿಟಕಿಗೆ ಒಯ್ದ. ಎಡಗಣ್ಣು ಮುಚ್ಚಿದ. ಅಭ್ಯಾಸದಂತೆ ಮೊದಲು ಕಾರ್ಡಿನ ಅಂಚು ನೋಡಿದ. ಅಂಚು ಹಾಲಿನ ಬಿಳಿಯಲ್ಲ, ಕೆನೆಬಣ್ಣ. ಅವನ ಮುಖದ ಮೇಲೆ ಕಳ್ಳನನ್ನು ಹಿಡಿದ ಪೊಲೀಸಿನವನ ನಗು ಮೂಡಿತು. "ನೋಡ್ದೇನಮ್ಮಾ? ಪ್ರೆಸ್ಸಿನವನು ಹಳದಿ ಇಂಕು ಧಾರಾಳವಾಗಿ ಬಿಟ್ಟಿದ್ದಾನೆ. ಇಡೀ ಕಾರ್ಡು ಅರ್ಧ ಶೇಡ್ ಮುಂದಕ್ಕೆ ಓಡಿದೆ. ಇದರಲ್ಲಿ ನಾಲ್ಕು ಅಂತ ಕಾಣೋದು ನಿಜವಾಗಿ ಐದು."

"ಆದ್ರೂ ಒಂದು ಫೋನ್..."

"ಫೋನ್ ಮಾಡಿ ಏನಂತೀಯ? 'ನಮ್ಮನೇಲಿ ಹದ್ದಣ್ಣ ಇದ್ದಾನೆ, ಆದ್ರೂ ಬಣ್ಣ ಗೊತ್ತಾಗ್ತಿಲ್ಲ' ಅಂತೀಯಾ? ಐದು ಅಂತ ಬರಿ."

ಲೆಕ್ಕದ ಟೀಚರು ಐದು ಎಂದು ಬರೆದಳು. ಅಂಕಿ ಮುತ್ತಿನಂತಿತ್ತು. ಅವಳು ಬರೆದ ಅಂಕಿಗಳು ಯಾವತ್ತೂ ಮುತ್ತೇ.

ಇಲ್ಲಿಗೆ ನಿಂತಿದ್ದರೆ ಇದು ಬರೀ ಕಣ್ಣಿನ ತಪ್ಪು. ಅದನ್ನು ದೇವರೂ ಮನ್ನಿಸಿಯಾನು. ಎರಡು ವಾರದ ಮೇಲೆ ಆದದ್ದು ಬೇರೆ.

ಅವತ್ತು ಬೆಳಿಗ್ಗೆ ಅಂಗಡಿಯ ಕಟ್ಟೆಯ ಮೇಲೆ ನಾಲ್ಕು ಜನ ಪೇಂಟರುಗಳು ಚಹಾ ಕುಡಿಯುತ್ತಿದ್ದರು. ಹದ್ದಣ್ಣ ತನ್ನ ಪರಾಕ್ರಮದ ಯಾವುದೋ ಕಥೆಯ ನಡುವೆ ಇದ್ದ. ಸೊಸೆ ಮಗುವನ್ನು ಹೆಗಲಿಗೆ ಹಾಕಿಕೊಂಡು, ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಆ ಕಾರ್ಡು ಹಿಡಿದು ಬಂದಳು. ಅವಳು ಅಂಗಡಿಗೆ ಬಂದದ್ದು ಅದೇ ಮೊದಲು. ಮುಖ ಬಾಡಿತ್ತು.

"ಮಾವ, ಇವತ್ತಿಂದು ನೋಡಿ. ಮನೆಯೊಳಗಿನ ಬೆಳಕಲ್ಲಿ ನಂಗೆ ಗೊತ್ತಾಗ್ತಿಲ್ಲ. ಇನ್ನೂ ಬೆಳ್ಳಗಾದ ಹಾಗಿದೆ. ಉಚ್ಚೆ ಮಾತ್ರ ಬಟ್ಟೆಗೆ ಗಾಢವಾಗಿ ಕಲೆ ಮಾಡ್ತಿದೆ."

"ಅಯ್ಯೋ, ಇದನ್ನ ಇಲ್ಲಿ ತನಕ ಹೊತ್ಕೊಂಡು ಬಂದ್ಯಾ!" ಎಂದ ಹದ್ದಣ್ಣ, ಪೇಂಟರುಗಳ ಕಡೆ ಕಣ್ಣು ಹೊಡೆದು. "ನೋಡ್ರಪ್ಪಾ, ಗಿರಾಕಿ ಸ್ಯಾಂಪಲ್ ತಂದಿದೆ."

ಎಲ್ಲರೂ ನಕ್ಕರು. ಹದ್ದಣ್ಣ ಚೀಲ ಬಿಚ್ಚಿ ಡಯಾಪರನ್ನು ಕಾರ್ಡಿನ ಪಕ್ಕ ಹಗಲು ಬೆಳಕಿಗೆ ಹಿಡಿದ.

ಕಣ್ಣು ನೋಡಿತು. ಮೂವತ್ತೆಂಟು ವರ್ಷ ಒಮ್ಮೆಯೂ ಮೋಸ ಮಾಡದಿದ್ದ ಕಣ್ಣು ಅವತ್ತೂ ಮಾಡಲಿಲ್ಲ. ಇದು ಐದಲ್ಲ, ನಾಲ್ಕೂ ಅಲ್ಲ, ಅಂಚಿನ ಕೆನೆಬಣ್ಣವನ್ನು ಎಷ್ಟು ಕಳೆದರೂ ಕೂಡಿದರೂ ಮೂರರ ಮೇಲೆ ಏರುವುದಿಲ್ಲ ಎಂದು ಅದು ಒಂದೇ ಏಟಿಗೆ ಹೇಳಿತು.

ಏಣಿ ಎಂದು ಕರೆಯಲ್ಪಡುವ ಉದ್ದನೆಯ ಪೇಂಟರು ಕತ್ತು ಚಾಚಿ ಇಣುಕಿದ. "ಏನ್ ಹದ್ದಣ್ಣ, ಇದು ಥೇಟ್ ಗೋಡೆಗೆ ಹಚ್ಚೋ ಬಿಳಿ ಪುಟ್ಟಿ ಇದ್ದ ಹಾಗಿದೆಯಲ್ಲಾ! ನಿನ್ನ ಮೊಮ್ಮಗಳು ಈಗ್ಲೇ ಕೆಲಸಕ್ಕೆ ತಯಾರು."

ಕಟ್ಟೆ ಅಲುಗಾಡುವಷ್ಟು ನಗು. ಒಬ್ಬನಿಗೆ ಚಹಾ ಮೂಗಿಗೇರಿತು. ಹದ್ದಣ್ಣನ ಕಿವಿ ಕೆಂಪಾಯಿತು. ಸೊಸೆ ನಗಲಿಲ್ಲ; ಅವನ ಮುಖವನ್ನೇ ನೋಡುತ್ತಿದ್ದಳು. ಎರಡು ವಾರದ ಹಿಂದೆ ತಾನು ಆಡಿದ ಐದನ್ನು ಈಗ ನಾಲ್ಕು ಜನರೆದುರು, ಅದೂ ಬ್ರಷ್ ಹಿಡಿಯುವ ಏಣಿಯ ಬಾಯಿಗೆ ಸಿಕ್ಕಿ, ವಾಪಸ್ಸು ನುಂಗಬೇಕು. ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ. ಅವತ್ತು ಹದ್ದಣ್ಣನ ನಾಲಿಗೆಯೊಳಗೆ ಕಬ್ಬಿಣದ ಸಲಾಕೆಯೇ ಇತ್ತು, ಬಾಗಲಿಲ್ಲ.

"ಥೂ, ಪುಟ್ಟಿಗೂ ಕೆನೆಗೂ ವ್ಯತ್ಯಾಸ ತಿಳೀದವನು ಪೇಂಟರು ಬೇರೆ" ಎಂದು ಏಣಿಯನ್ನು ಬೈದ. ಆಮೇಲೆ ಸೊಸೆಗೆ, ಅವಳ ಕಣ್ಣು ತಪ್ಪಿಸಿ, "ಐದೇ ಕಣಮ್ಮ. ಹಾಲು ಕುಡಿಯೋ ಮಗು, ಕಕ್ಕ ಇನ್ನು ಹೇಗಿರುತ್ತೆ? ಬಿಸಿಲು ಏರ್ತಿದೆ, ಮನೆಗೆ ಹೋಗು" ಎಂದ.

ಅವಳು ಹೋದಳು. ಚೀಲವನ್ನು ಹಾಗೇ ಮಡಚಿ, ಮಗುವಿನ ತಲೆಗೆ ಸೆರಗು ಮುಚ್ಚಿ, ಬೀದಿಯ ನೆರಳಿನ ಬದಿಯಲ್ಲಿ ಹೋದಳು. ಹದ್ದಣ್ಣ ಕಥೆಯನ್ನು ಬಿಟ್ಟ ಜಾಗದಿಂದ ಮುಂದುವರಿಸಿದ. ಎಲ್ಲಿ ಬಿಟ್ಟಿದ್ದೆನೆಂದು ಎರಡು ಸಲ ಕೇಳಬೇಕಾಯಿತು.

ಆ ದಿನಕ್ಕೆ ಮಗುವಿಗೆ ನಲವತ್ತನಾಲ್ಕು ದಿನ.

ಅರವತ್ತೈದನೆಯ ದಿನ, ತಡವಾಗಿದ್ದ ಚುಚ್ಚುಮದ್ದಿಗೆ ಹೋದಾಗ ಅದೇ ನರ್ಸಮ್ಮ ಮಗುವಿನ ಕಣ್ಣ ರೆಪ್ಪೆ ಎತ್ತಿ ನೋಡಿದರು, ಹೊಟ್ಟೆ ಒತ್ತಿ ನೋಡಿದರು, ಡಯಾಪರ್ ಬಿಚ್ಚಿ ನೋಡಿದರು. ಸೂಜಿಯನ್ನು ಟ್ರೇಯಲ್ಲಿ ಹಾಗೇ ಇಟ್ಟು ಫೋನ್ ಎತ್ತಿದರು. ಆ ಮಧ್ಯಾಹ್ನವೇ ಮಗು ದೊಡ್ಡಾಸ್ಪತ್ರೆಯಲ್ಲಿತ್ತು. ರಕ್ತ ತೆಗೆದರು, ಸ್ಕ್ಯಾನ್ ಮಾಡಿದರು, ಸಪೂರ ಸೂಜಿಯಿಂದ ಲಿವರಿನ ಎಳೆಯಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸಿದರು.

ಸರ್ಜನ್ ಡಾಕ್ಟರು ನರೆಗೂದಲಿನ ಹೆಂಗಸು. ಗಟ್ಟಿಯಾಗಿ ಮಾತಾಡುವವರಲ್ಲ. ಮೂವರನ್ನೂ ಕೂರಿಸಿ, ಕಾಗದದ ಮೇಲೆ ಪೆನ್ನಿನಿಂದ ಒಂದು ಚಿತ್ರ ಬರೆದರು.

"ಇದು ಲಿವರು. ಪಿತ್ತ ತಯಾರಾಗೋದು ಇಲ್ಲಿ. ಇಲ್ಲಿಂದ ಕರುಳಿಗೆ ಇಳಿಯೋಕೆ ಒಂದು ಸಣ್ಣ ಕೊಳವೆ. ಮಲಕ್ಕೆ ಬಣ್ಣ ಕೊಡೋದು ಈ ಪಿತ್ತಾನೇ. ನಿಮ್ಮ ಮಗೂಗೆ ಆ ಕೊಳವೆ ಮುಚ್ಚಿಹೋಗಿದೆ. ಪಿತ್ತ ಹೊರಗೆ ಹೋಗೋಕೆ ದಾರಿ ಇಲ್ಲದೆ ಒಳಗೇ ನಿಂತು ಲಿವರನ್ನೇ ಸುಡ್ತಿದೆ."

"ಸರಿಮಾಡಬಹುದಾ, ಡಾಕ್ಟ್ರೇ?" ಎಂದ ಮಗ.

"ಮುಚ್ಚಿದ ಕೊಳವೆ ತೆಗೆದುಹಾಕಿ, ಕರುಳಿನ ಒಂದು ತುಂಡನ್ನ ಮೇಲಕ್ಕೆ ತಂದು ನೇರವಾಗಿ ಲಿವರಿನ ಬಾಯಿಗೆ ಹೊಲೀತೀವಿ. ಪಿತ್ತ ಹರಿದ್ರೆ ಮಗು ತನ್ನ ಲಿವರಲ್ಲೇ ಬೆಳೆಯಬಹುದು. ಹರೀದಿದ್ರೆ ಬೇರೆಯವರ ಲಿವರಿನ ಭಾಗ ಹಾಕ್ಬೇಕಾಗುತ್ತೆ." ಅವರು ಪೆನ್ನಿನ ಕ್ಯಾಪು ಹಾಕಿದರು. "ಈ ಆಪರೇಷನ್ ಬೇಗ ಮಾಡಿದಷ್ಟೂ ಒಳ್ಳೇದು. ಅರವತ್ತು ದಿನದೊಳಗೆ ಆಗಿದ್ರೆ ಚೆನ್ನಾಗಿತ್ತು. ಕಾರ್ಡು ಕೊಟ್ಟಿದ್ರಲ್ಲ ನಿಮಗೆ?"

ಸೊಸೆ ಕೈಚೀಲದಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು. ಆರು, ಆರು, ಆರು, ಆಮೇಲೆ ಕೊನೆಯ ತನಕ ಐದು, ಐದು, ಐದು. ಡಾಕ್ಟರು ಅಂಕಿಗಳನ್ನೂ ನೋಡಿದರು, ಅವಳನ್ನೂ ನೋಡಿದರು.

"ಬರೆದಿದ್ದು ಯಾರು?"

"ನಾನೇ" ಎಂದಳು ಸೊಸೆ. "ನಂಗೇ ತಿಳೀಲಿಲ್ಲ."

ಮಗ ಹೆಂಡತಿಯ ಕಡೆ ತಿರುಗಿದ. ತಗ್ಗಿದ ದನಿ, ಆದರೆ ಕೋಣೆಯಲ್ಲಿ ಎಲ್ಲರಿಗೂ ಕೇಳಿತು. "ದಿನಾ ಬದಲಾಯಿಸೋಳು ನೀನೇ ತಾನೆ? ಬಿಳಿ ಯಾವ್ದು ಹಳದಿ ಯಾವ್ದು ಅಂತ ಕಾಣಲ್ವಾ ನಿಂಗೆ?"

ಮಾತಿನಲ್ಲಿ ಆಕಾಶಕ್ಕೆ ಏಣಿ ಹಾಕುತ್ತಿದ್ದ ಹದ್ದಣ್ಣ ಕುರ್ಚಿಯಲ್ಲಿ ಕೂತಿದ್ದ. ಬಾಯಿ ತೆರೆಯಲು ಅವನಿಗೆ ಬೇಕಾಗಿದ್ದದ್ದು ಎರಡು ಪದ. ನಾನು ಹೇಳಿದ್ದು. ಅಷ್ಟೇ. ಎದುರಿಗೆ ಡಾಕ್ಟರು ಕಾದರು ಕೂಡ, ಯಾರಾದರೂ ಏನಾದರೂ ಹೇಳುತ್ತಾರೇನೋ ಎಂಬಂತೆ. ಆಮೇಲೆ ಸಹಿಯ ಕಾಗದ ಮುಂದಕ್ಕೆ ತಳ್ಳಿದರು.

ಎಪ್ಪತ್ತನಾಲ್ಕನೆಯ ದಿನ ಆಪರೇಷನ್ ಆಯಿತು. ಬೆಳಿಗ್ಗೆ ಒಳಗೆ ಹೋದ ಮಗು ಹೊರಗೆ ಬಂದದ್ದು ಮಧ್ಯಾಹ್ನ ದಾಟಿದ ಮೇಲೆ. ಹದ್ದಣ್ಣ ಆ ಆರು ಗಂಟೆ ಕಾರಿಡಾರಿನಲ್ಲಿ ನಡೆದದ್ದನ್ನು ಅಳೆದಿದ್ದರೆ ಭೂಮಿಯನ್ನು ಒಂದು ಸುತ್ತು ಹಾಕಿ ಇನ್ನೂ ನಾಲ್ಕು ಮೈಲಿ ಉಳಿಯುತ್ತಿತ್ತು. ಗೋಡೆಯ ಬಣ್ಣ ಏನೆಂದು ಮಾತ್ರ ಅವನು ನೋಡಲಿಲ್ಲ.

ಆಪರೇಷನ್ ಆದ ಎಂಟನೆಯ ದಿನ ಡಯಾಪರಿನಲ್ಲಿ ಹಸಿರು ಕಂಡಿತು. ನರ್ಸುಗಳು ಒಬ್ಬರನ್ನೊಬ್ಬರು ಕರೆದು ತೋರಿಸಿದರು. ಪಕ್ಕದ ಮಂಚದ ತಾಯಿಯೂ ಬಂದು ನೋಡಿ, "ಎಷ್ಟು ಚೆನ್ನಾಗಿದೆ!" ಎಂದಳು. ಜಗತ್ತಿನ ಯಾವ ತೋಟದ ಹಸಿರನ್ನೂ ಜನ ಅಷ್ಟು ಆಸೆಯಿಂದ ನೋಡಿರಲಿಕ್ಕಿಲ್ಲ. ಮಗ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟ. ಹದ್ದಣ್ಣನ ಎದೆಯೊಳಗೆ ಒಂದು ಹೇಡಿ ಸಂತೋಷ ಎದ್ದು ಕೂತಿತು: ಪಿತ್ತ ಹರಿಯಿತು, ಇನ್ನು ಹೇಳುವ ಅಗತ್ಯವೇನಿದೆ? ಹಳೆಯದನ್ನು ಕೆದಕಿ ಮನೆಯ ನೆಮ್ಮದಿ ಯಾಕೆ ಕೆಡಿಸಬೇಕು?

ಮನೆಗೆ ಕರೆತಂದರು. ಮೂರು ವಾರ ಹಸಿರು, ಕಂದು, ಹಸಿರು. ಆಮೇಲೆ ಜ್ವರ ಬಂತು. ಹೊಸ ದಾರಿಗೆ ಸೋಂಕು ತಗುಲಿದೆ ಎಂದು ಮತ್ತೆ ಸೇರಿಸಿಕೊಂಡು ಔಷಧಿ ಏರಿಸಿದರು. ಜ್ವರ ಇಳಿಯಿತು. ಹೋದ ಬಣ್ಣ ವಾಪಸ್ಸು ಬರಲಿಲ್ಲ. ಮತ್ತೊಂದು ಜ್ವರ. ಹೊಟ್ಟೆ ಉಬ್ಬಿತು, ಕೈಕಾಲು ಸಣ್ಣಗಾದವು. ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ಸರ್ಜನ್ ಡಾಕ್ಟರು ಮತ್ತೆ ಮೂವರನ್ನೂ ಕೂರಿಸಿದರು. ಈ ಸಲ ಚಿತ್ರ ಬರೆಯಲಿಲ್ಲ. ಲಿವರು ಸೋಲುತ್ತಿದೆ, ಬದಲಿ ಭಾಗ ಹಾಕಲೇಬೇಕು, ಅಪ್ಪ ಅಮ್ಮನಲ್ಲಿ ಯಾರದು ಹೊಂದುತ್ತದೆಂದು ಪರೀಕ್ಷೆ ಶುರುಮಾಡೋಣ ಎಂದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತರು. ಮಗುವಿಗೆ ಹೊದಿಸಿದ್ದ ಬಟ್ಟೆ ಜಾರಿತ್ತು, ಸೊಸೆ ಸರಿಮಾಡುತ್ತಿದ್ದಳು. ಮಗ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು, ಯಾರಿಗೆಂದಲ್ಲದೆ, "ಅರವತ್ತು ದಿನದೊಳಗೆ... ಬರೀ ಎರಡು ವಾರ ಮುಂಚೆ ಇವಳಿಗೆ ಗೊತ್ತಾಗಿದ್ರೆ..." ಎಂದ.

"ಅವಳಿಗೆ ಗೊತ್ತಾಗಿತ್ತು" ಎಂದ ಹದ್ದಣ್ಣ.

ಮಗ ತಲೆಯೆತ್ತಿದ.

"ತಿಂಗಳಿಗೇ ನಾಲ್ಕು ಅಂದಳು. ಕಾರ್ಡು ತಪ್ಪಾಗಿ ಪ್ರಿಂಟಾಗಿದೆ, ಐದು ಅಂತ ಬರಿ ಅಂದೆ. ಆಮೇಲೆ ಅಂಗಡಿಗೆ ಹೊತ್ಕೊಂಡು ಬಂದಳು." ಹದ್ದಣ್ಣನ ದನಿ ಅವನಿಗೇ ಗುರುತು ಸಿಗದಷ್ಟು ಸಣ್ಣಗಿತ್ತು. ಇಲ್ಲಿ ಅವನು ಒಂದು ಎಳೆಯನ್ನೂ ಹೆಚ್ಚಿಸಲಿಲ್ಲ, ಕಮ್ಮಿಯೂ ಮಾಡಲಿಲ್ಲ. "ಅವತ್ತು ಅದು ಮೂರು. ನಂಗೆ ಕಾಣ್ತು. ಏಣಿ ಪುಟ್ಟಿ ಅಂತ ನಕ್ಕ. ಅವನೆದುರಿಗೆ ಸೋಲೋಕೆ ಆಗ್ಲಿಲ್ಲ. ಐದೇ ಅಂದುಬಿಟ್ಟೆ."

"ಕಂಡೂ?"

"ಕಂಡೂ."

ಮಗ ಎದ್ದು ನಿಂತ. ಕೈ ಎತ್ತುತ್ತಾನೆಂದು ಹದ್ದಣ್ಣ ಅಂದುಕೊಂಡ. ಎತ್ತಿದ್ದರೆ ಒಳ್ಳೆಯದಿತ್ತು ಎಂದೂ. ಮಗ ಎತ್ತಲಿಲ್ಲ. "ಡಾಕ್ಟ್ರು ಕೇಳಿದ ದಿನ ನೀನು ಅಲ್ಲೇ ಕೂತಿದ್ದೆ ಅಪ್ಪ. ನಾನು ಇವಳಿಗೆ ಬೈದೆ. ನಾಲ್ಕು ತಿಂಗಳು ಬೈದೆ. ನೀನು ಅಲ್ಲೇ ಕೂತಿದ್ದೆ" ಎಂದ. ಮೆಟ್ಟಿಲಿಳಿದು ಹೋದ. ಲಿಫ್ಟ್ ಪಕ್ಕದಲ್ಲೇ ಇತ್ತು.

ಬೆಂಚಿನ ಮೇಲೆ ಇವರಿಬ್ಬರು ಉಳಿದರು. ಹದ್ದಣ್ಣನಿಗೆ ಸೊಸೆಯ ಕಡೆ ತಿರುಗಲು ಧೈರ್ಯವಾಗಲಿಲ್ಲ. "ನೀನಾದ್ರೂ ಯಾಕಮ್ಮ ಹೇಳ್ಲಿಲ್ಲ? ಮಾವ ಹೇಳಿದ್ದು ಅಂತ ಅವತ್ತೇ ಹೇಳಿಬಿಡಬಹುದಿತ್ತಲ್ಲ."

ಸೊಸೆ ಮಗುವಿನ ಬಟ್ಟೆಯ ಅಂಚನ್ನು ಒಳಗೆ ಸೇರಿಸಿದಳು.

"ಅವತ್ತು ಅಂಗಡೀಲಿ ನಾನು ಕಾರ್ಡು ನೋಡ್ತಿರಲಿಲ್ಲ ಮಾವ, ನಿಮ್ಮ ಮುಖ ನೋಡ್ತಿದ್ದೆ. ನೀವು ಸುಳ್ಳು ಹೇಳ್ತಿದ್ದೀರಿ ಅಂತ ನಂಗೆ ಗೊತ್ತಾಯ್ತು. ದಾರೀಲಿ ಫೋನ್ ಕೈಗೆ ತಗೊಂಡೆ. ನಂಬರ್ ಒತ್ತಿದೆ ಕೂಡ. ಆಮೇಲೆ, ಮಾವನೇ ಐದು ಅಂದಿದ್ದಾರಲ್ಲ, ಐದೇ ಇರಲಿ ದೇವರೇ ಅನ್ನಿಸ್ತು. ಐದೇ ಆಗಿರ್ಬೇಕು ಅಂತ ನಂಗೂ ಬೇಕಾಗಿತ್ತು. ಫೋನ್ ಒಳಗಿಟ್ಟೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಇದ್ದಿದ್ದರೆ ಹದ್ದಣ್ಣ ಅದನ್ನು ಹಿಡಿದುಕೊಂಡಾದರೂ ನಿಲ್ಲುತ್ತಿದ್ದ. "ನಿಮ್ಮದು ನೀವು ಹೇಳಿದ್ರಿ. ಇದು ನಂದು. ಅವರಿಗೆ ಇವತ್ತು ಇದನ್ನೂ ಹೇಳ್ತೀನಿ."

"ನಿಂದೇನೂ ಇಲ್ಲಮ್ಮ ಇದರಲ್ಲಿ."

"ಅದನ್ನ ನೀವು ಹೇಳ್ಬೇಡಿ ಮಾವ."



ವಾರದ ಮೇಲೆ, ಮಗನ ರಕ್ತದ ಗುಂಪು ಹೊಂದುವುದಿಲ್ಲ, ಸೊಸೆಯದು ಹೊಂದುತ್ತದೆ ಎಂದು ತಿಳಿಯಿತು. ಮಗ ಅಪ್ಪನೊಂದಿಗೆ ಮಾತಾಡುತ್ತಿದ್ದದ್ದು ಬೇಕಾದಷ್ಟೇ: ಬಾಗಿಲು ಹಾಕು, ಔಷಧಿ ಎಂಟಕ್ಕೆ, ಬಿಸಿನೀರು ಇದೆ. ತನ್ನ ಲಿವರನ್ನು ಪೂರ್ತಿ ಬೇಕಾದರೂ ಕತ್ತರಿಸಿಕೊಳ್ಳಿ ಎಂದು ಹದ್ದಣ್ಣ ಡಾಕ್ಟರ ಮುಂದೆ ನಿಂತ. ಈ ವಯಸ್ಸಿನವರದು ತೆಗೆದುಕೊಳ್ಳುವುದಿಲ್ಲ ಎಂದರು. ಅವನು ಹೋಗದೆ ಬಾಗಿಲಲ್ಲೇ ನಿಂತ.

"ಡಾಕ್ಟ್ರೇ, ಒಂದು ಮಾತು. ನಲವತ್ತನಾಲ್ಕನೇ ದಿನ ಬಂದಿದ್ರೆ? ಆಗ ಪಿತ್ತ ಹರೀತಿತ್ತಾ?"

ಡಾಕ್ಟರು ಕನ್ನಡಕ ತೆಗೆದರು. "ಅವಕಾಶ ಜಾಸ್ತಿ ಇರ್ತಿತ್ತು. ಅಷ್ಟೇ ಹೇಳಬಲ್ಲೆ. ನಲವತ್ತಕ್ಕೆ ಬಂದ ಮಕ್ಕಳಲ್ಲೂ ಕೆಲವರಿಗೆ ಹರಿದಿಲ್ಲ. ತೊಂಬತ್ತಕ್ಕೆ ಬಂದೋರಲ್ಲಿ ಶಾಲೆಗೆ ಹೋಗ್ತಿರೋರೂ ಇದ್ದಾರೆ."

"ಅಂದ್ರೆ ನಮ್ಮ ಮಗೂಗೆ?"

"ಗೊತ್ತಿಲ್ಲ, ಅಜ್ಜ. ಯಾರಿಗೂ ಗೊತ್ತಾಗಲ್ಲ."

ಹೌದು ಎಂದಿದ್ದರೆ ತಲೆ ಚಚ್ಚಿಕೊಳ್ಳಬಹುದಿತ್ತು. ಇಲ್ಲ ಎಂದಿದ್ದರೆ ಒಂದು ರಾತ್ರಿಯಾದರೂ ನಿದ್ದೆ ಮಾಡಬಹುದಿತ್ತು. ಎಲ್ಲದಕ್ಕೂ ಹನಿ ಲೆಕ್ಕದಲ್ಲಿ ಉತ್ತರ ಕೊಡುತ್ತ ಬಂದವನಿಗೆ ಸಿಕ್ಕ ಉತ್ತರ ಇದು, ಇನ್ನುಳಿದ ಆಯುಷ್ಯಕ್ಕೆಲ್ಲ ಸಾಲುವಷ್ಟು.

ಸೊಸೆಯನ್ನು ಉಳಿದ ಪರೀಕ್ಷೆಗಳಿಗೆ ಒಳಗೆ ಕರೆದರು. ಮಗ ಕಾಗದಗಳನ್ನು ಹಿಡಿದು ಅವಳ ಹಿಂದೆ ಹೊರಟ. ಬಾಗಿಲಲ್ಲಿ ಅವಳು ನಿಂತು, ಸುತ್ತ ನೋಡಿ, ವಾಪಸ್ಸು ಬಂದು ಮಗುವನ್ನು ಬೆಂಚಿನ ಮೇಲೆ ಕೂತಿದ್ದ ಹದ್ದಣ್ಣನ ತೊಡೆಯ ಮೇಲೆ ಹಾಕಿದಳು.

"ಹೊಟ್ಟೆ ಒತ್ತಬೇಡಿ. ತಲೆ ಎತ್ತರಕ್ಕಿರಲಿ" ಎಂದಳು. ಹೋದಳು.

ಆರು ತಿಂಗಳ ಮಗು ನಾಲ್ಕು ತಿಂಗಳಿನದರಷ್ಟೂ ಭಾರವಿರಲಿಲ್ಲ. ಅದು ಅವನ ಅಂಗಿಯ ಗುಂಡಿಯನ್ನು ಹಿಡಿದು ಎಳೆಯತೊಡಗಿತು. ನರ್ಸ್ ಒಬ್ಬಳು ಟ್ರೇ ಹಿಡಿದು ಬಂದಳು. ಮಗುವಿನ ರಕ್ತವೂ ಬೇಕಿತ್ತು.

"ತಾಯಿ ಎಲ್ಲಿ?"

"ಒಳಗಿದ್ದಾಳೆ. ನಾನು ತಾತ."

"ಸರಿ, ನೀವೇ ಹಿಡ್ಕೊಳ್ಳಿ. ಈ ಕೈ ಅಲ್ಲಾಡಬಾರದು. ಗಟ್ಟಿಯಾಗಿ."

ಸೂಜಿ ಇಳಿದಾಗ ಮಗು ಉಸಿರು ಕಟ್ಟುವಂತೆ ಕಿರುಚಿತು. ನರ ಸಿಗಲಿಲ್ಲ. ನರ್ಸ್ ಸೂಜಿ ತೆಗೆದು ಇನ್ನೊಂದು ಕಡೆ ತಡವಿದಳು. ಮಗು ತಾತನ ಮುಖ ನೋಡಿಕೊಂಡೇ ಅಳುತ್ತಿತ್ತು, ಬಿಡಿಸು ಎನ್ನುವ ಹಾಗೆ. ಹದ್ದಣ್ಣ ಆ ಸಣ್ಣ ಕೈಯನ್ನು ಬಿಡಲಿಲ್ಲ, ಮುಖವನ್ನೂ ಆಚೆ ತಿರುಗಿಸಲಿಲ್ಲ.

"ಇನ್ನೊಂದ್ಸಲ, ತಾತ" ಎಂದಳು ನರ್ಸ್. "ಹಿಡಿದಿದ್ದೀರಾ?"

"ಹಿಡಿದಿದ್ದೀನಿ" ಎಂದ.